ಏಳು ರಾತಲಿಗೆ ಕಾಲು ಕಮ್ಮಿ: ಮಂಗಳೂರಿನ ಬಟ್ಟಲು, ಅದರ ತೂಕ, ಅದರ ಮೇಲಿನ ಅಕ್ಷರ

ಮನೆಗೆ ದಿನಬಳಕೆಯ ಪಾತ್ರೆ ತೆಗೆದುಕೊಳ್ಳುವಾಗ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಇದು ಬಾಳಿಕೆ ಬರ್ತದಾ?" ಶಾಸನಗಳ ಬೆನ್ನು ಹತ್ತಿದವರಿಗೆ ಈ ಪ್ರಶ್ನೆ ಸ್ವಲ್ಪ ಬೇರೆಯಾಗಿ ಕೇಳಿಸುತ್ತದೆ. ಒಂದು ಸಾವಿರ ವರ್ಷದ ಹಿಂದೆ ಮಂಗಳೂರಿನ ಮನೆಯೊಂದರಲ್ಲಿ ಉಂಡ ಬಟ್ಟಲು ಈಗ ಎಲ್ಲಿ ಉಂಟು? ಆ ಕಾಲದ ಕಲ್ಲು ಸಿಗುತ್ತದೆ, ತಾಮ್ರಪಟ ಸಿಗುತ್ತದೆ, ಹಳೆಯ ಊರುಗಳ ಮಣ್ಣು ಕೆದಕಿದರೆ ಮಡಕೆಯ ಚೂರು ಬುಟ್ಟಿಗಟ್ಟಲೆ ಸಿಗುತ್ತದೆ. ಕಂಚಿನ ಬಟ್ಟಲು ಮಾತ್ರ ಅಪರೂಪ. ಅದು ಕಳಪೆಯಾಗಿತ್ತು ಅಂತಲ್ಲ. ಬಹಳ ಒಳ್ಳೆಯದಾಗಿತ್ತು, ಅದಕ್ಕೇ ಉಳಿಯಲಿಲ್ಲ. ಒಳ್ಳೆಯ ಕಂಚನ್ನು ಯಾರೂ ಬಿಸಾಡುವುದಿಲ್ಲ. ಒಡೆದರೆ ಕರಗಿಸಿ ಇನ್ನೊಂದು ಮಾಡಿಸುತ್ತಾರೆ.

ಮುಂದೆ ಹೋಗುವ ಮೊದಲು ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ನಿಮ್ಮಲ್ಲಿ 'ಬಟ್ಟಲು' ಅಂದರೆ ಪಾಯಸ ಕುಡಿಯುವ ಗುಂಡಗಿನ ಪಾತ್ರೆ. ಮಂಗಳೂರಿನ ಮನೆಮಾತಿನಲ್ಲಿ, ತುಳುವಿನ 'ಬಟ್ಟಲ್' ಬಳಕೆಯಿಂದಾಗಿ, ಬಟ್ಟಲು ಅಂದರೆ ಊಟದ ತಟ್ಟೆ. ಈ ಬರಹದಲ್ಲಿ ನಾನು ಊರಿನ ಅರ್ಥದಲ್ಲೇ ಬಳಸುತ್ತಿದ್ದೇನೆ.

ಮಂಗಳೂರು ಕರಾವಳಿಯ ಪಾತ್ರೆಗಳ ಬಗ್ಗೆ ನಮಗೆ ಸಿಗುವ ಅತ್ಯಂತ ವಿವರವಾದ ಹಳೆಯ ಬರಹ ಕಲ್ಲಿನ ಮೇಲೂ ಇಲ್ಲ, ತಾಮ್ರದ ಮೇಲೂ ಇಲ್ಲ. ಕಾಗದದ ಮೇಲೆ ಇದೆ. ಭಾಷೆ ಅರಬಿ, ಲಿಪಿ ಹೀಬ್ರೂ. ಸಿಕ್ಕಿದ್ದು ಈಜಿಪ್ತಿನಲ್ಲಿ, ಹಳೆಯ ಕೈರೋದ ಬೆನ್ ಎಜ್ರಾ ಎಂಬ ಯೆಹೂದಿ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ. ದೇವರ ಹೆಸರು ಇರಬಹುದಾದ ಯಾವ ಬರಹವನ್ನೂ ನಾಶ ಮಾಡಬಾರದು ಎಂಬ ನಂಬಿಕೆಯಿಂದ ಅಲ್ಲಿನವರು ಹಳೆಯ ಕಾಗದಗಳನ್ನೆಲ್ಲ ಆ ಕೋಣೆಗೆ ಹಾಕುತ್ತಾ ಬಂದರು. ಇದಕ್ಕೇ ಗೆನೀಜಾ ಎನ್ನುತ್ತಾರೆ. 1896-97ರಲ್ಲಿ ಸೊಲೊಮನ್ ಶೆಕ್ಟರ್ ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅಲ್ಲಿನ ಭಾರತ ವ್ಯಾಪಾರದ ಪತ್ರಗಳನ್ನು ಹುಡುಕಿ ಜೋಡಿಸಿದವರು ಎಸ್. ಡಿ. ಗೊಯ್ಟಿನ್.

ಈ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಒಬ್ಬ ವರ್ತಕ ಅಬ್ರಹಾಂ ಬೆನ್ ಯಿಜು. ಹುಟ್ಟಿದ್ದು ಈಗಿನ ಟುನೀಶಿಯಾದ ಮಹ್ದಿಯಾದಲ್ಲಿ. ಏಡನ್ ಮೂಲಕ ನಮ್ಮ ಕರಾವಳಿಗೆ ಬಂದು ಸುಮಾರು 17 ವರ್ಷ ಇಲ್ಲೇ ಇದ್ದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ, ಅವರ ಬರವಣಿಗೆಯ 'ಮಂಜರೂರ್'ನಲ್ಲಿ, ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟ. ಮಕ್ಕಳೂ ಆದರು. 1149ರಲ್ಲಿ ಏಡನ್‌ಗೆ ಮರಳಿದ. ಅಮಿತಾವ್ ಘೋಷ್ ಅವರ 1992ರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಓದಿದವರಿಗೆ ಈ ಕತೆ ಗೊತ್ತುಂಟು. ಪತ್ರಗಳಲ್ಲಿ ಬರುವ ಅವನ ಆಳಿನ ಹೆಸರನ್ನು 'ಬೊಮ್ಮ' ಎಂದು ತುಳುನಾಡಿನ ಕಡೆಯಿಂದ ಅರ್ಥ ಮಾಡಿಕೊಳ್ಳಲು ಘೋಷ್‌ಗೆ ನೆರವಾದವರು ನಮ್ಮ ಬಿ. ಎ. ವಿವೇಕ ರೈ. ಆದರೆ ಆ ಪುಸ್ತಕ ಓದಿದವರ ಮಾತೆಲ್ಲ ಆಶು ಮತ್ತು ಬೊಮ್ಮನ ಕಡೆಗೇ ಹೋಗುತ್ತದೆ. ಬೆನ್ ಯಿಜುವಿನ ಕಸುಬಿನ ಬಗ್ಗೆ ಮಾತಾಡುವವರು ಕಮ್ಮಿ. ಮೆಣಸು, ಏಲಕ್ಕಿ, ಅಡಿಕೆ ವ್ಯಾಪಾರದ ಜೊತೆಗೆ ಅವನು ಲೋಹದ ಪಾತ್ರೆ ಮಾಡಿಸುವ ಕಾರ್ಖಾನೆ ನಡೆಸುತ್ತಿದ್ದ. ಪತ್ರಗಳಲ್ಲಿ ಆ ಲೋಹಕ್ಕೆ ಇರುವ ಅರಬಿ ಪದ 'ಸುಫ್ರ್'. ಅದನ್ನು ಕಂಚು ಎನ್ನುವವರೂ ಇದ್ದಾರೆ, ಹಿತ್ತಾಳೆ ಎನ್ನುವವರೂ ಇದ್ದಾರೆ. ಗೊಯ್ಟಿನ್ ಕಂಚು ಎಂದೇ ಅನುವಾದಿಸಿದರು.

ಏಡನ್‌ನ ಒಬ್ಬ ವರ್ತಕ ಅವನಿಗೆ ಕಳಿಸಿದ ಬೇಡಿಕೆಯ ಪತ್ರ ನನಗೆ ಬಹಳ ಇಷ್ಟ. ಹಡಗಿನಲ್ಲಿ ಒಂದು ಒಡೆದ ಹೂಜಿಯನ್ನು ಕಳಿಸುತ್ತಿದ್ದಾನೆ. ತೂಕ ಏಳು ರತ್ಲ್‌ಗೆ ಕಾಲು ಕಮ್ಮಿ. ಇದರ ಲೋಹ ಒಳ್ಳೆಯದು, ಇದರಿಂದಲೇ ಇದೇ ಮಾದರಿಯ ಹೊಸ ಹೂಜಿ ಮಾಡಿಸು, ಅದು ಸರಿಯಾಗಿ ಐದು ರತ್ಲ್ ತೂಗಬೇಕು ಎಂಬುದು ಅವನ ಸೂಚನೆ. ಜೊತೆಗೆ ಹಳದಿ ತಾಮ್ರದ ಗಟ್ಟಿಗಳನ್ನೂ ಕಳಿಸಿದ್ದಾನೆ. ಉಳಿದ ಲೋಹವನ್ನೆಲ್ಲ ಸೇರಿಸಿ ಊಟಕ್ಕೆ ಬಳಸುವ ದೊಡ್ಡ ಬಟ್ಟಲುಗಳಾಗಬೇಕು, ಅವುಗಳ ಅಗಲ ಗೇಣಿನ ಲೆಕ್ಕದಲ್ಲಿ ಇಷ್ಟೇ ಇರಬೇಕು. ಆಮೇಲೆ ಒಂದು ದೀಪದ ಕಂಬ ಬೇಕು. ಕಂಬ ಎಂಟು ಮೂಲೆಯದ್ದು, ದಪ್ಪನೆಯದ್ದು. ಪೀಠದ ಕಾಲು ಗಟ್ಟಿಯಾಗಿರಬೇಕು. ದೀಪಕ್ಕೆ ಎರಡು ಬತ್ತಿ. ಕಂಬ, ಪೀಠ, ದೀಪ ಮೂರೂ ಬಿಡಿಸಿ ಇಡುವ ಹಾಗಿರಬೇಕು. ಕಾಲುಗಳನ್ನು ತಿರುಚಿ ಮಾಡಲಿಕ್ಕೆ ಆದರೆ ಹಾಗೇ ಮಾಡಲಿ, ಅದು ಚೆಂದ.

ಇಂದಿನ ಮಂಗಳೂರಿನ ಯಾವ ಮನೆಯ ಯಜಮಾನಿಯೂ ಅಂಗಡಿಯಲ್ಲಿ ಇದಕ್ಕಿಂತ ಖಂಡಿತವಾಗಿ ಹೇಳಲಾರಳು. ನನ್ನ ಗಮನ ಸೆಳೆಯುವುದು ಕೊಳ್ಳುವವನ ಈ ಯೋಚನೆ. ಹೂಜಿ ಒಡೆದದ್ದಕ್ಕೆ ಅವನಿಗೆ ದುಃಖವಿಲ್ಲ. ಪಾತ್ರೆ ಹೋದರೂ ಲೋಹ ಅವನ ಕೈಯಲ್ಲೇ ಇದೆ, ಅದರ ಗುಣ ಅವನಿಗೆ ಗೊತ್ತು, ತೂಕ ಗೊತ್ತು. ಹಾಗಾಗಿ ಅದು ಸಮುದ್ರ ದಾಟಿ ನಮ್ಮ ಕರಾವಳಿಯ ಕಮ್ಮಟಕ್ಕೆ ಬಂದು, ಹೊಸ ರೂಪದಲ್ಲಿ ಮತ್ತೆ ಸಮುದ್ರ ದಾಟುತ್ತದೆ. ತಾಮ್ರ ಅಲ್ಲಿಂದ ಬರಬೇಕು, ಕೈಚಳಕ ಇಲ್ಲಿಯದು. ನಮ್ಮ ಕಡೆ ತಾಮ್ರದ ಗಣಿ ಇಲ್ಲ. ಕಂಚಿಗೆ ಬೇಕಾದ ತವರವೂ ಇಲ್ಲ. ಪಾತ್ರೆಗೆ ನಾವು ಹಾಕಿಸುವ 'ಕಲಾಯಿ' ಎಂಬ ಪದವನ್ನೇ ನೋಡಿ. ಅದು ತವರಕ್ಕೆ ಅರಬಿಯಲ್ಲಿ ಇರುವ 'ಖಲಈ' ಎಂಬ ಹೆಸರು. ಮಲಯಾ ಕಡೆಯ 'ಕಲಃ' ಎಂಬ ಬಂದರಿನಿಂದ ಬರುತ್ತಿದ್ದ ತವರ ಎಂಬ ಅರ್ಥದಲ್ಲಿ ಆ ಹೆಸರು ಹುಟ್ಟಿತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಪತ್ರದ 'ರತ್ಲ್' ಕೂಡ ನಮಗೆ ಹೊರಗಿನದಲ್ಲ. ನಮ್ಮ ಹಿರಿಯರು ಸಕ್ಕರೆ, ಕಾಫಿಪುಡಿ ಕೊಳ್ಳುತ್ತಿದ್ದ 'ರಾತಲು' ಅದೇ ಪದ, ತೂಕ ಮಾತ್ರ ಕಾಲಕ್ಕೆ ತಕ್ಕ ಹಾಗೆ ಬದಲಾಯಿತು.

ಪಾತ್ರೆ ಮಾಡಿಸಿದವನು ಇಲ್ಲ, ಮಾಡಿದವನು ಇಲ್ಲ, ಎಂಟು ಮೂಲೆಯ ಕಂಬ ಇಲ್ಲ. ಅದನ್ನು ಮಾಡಿಸಲಿಕ್ಕೆ ಬರೆದ ಚೀಟಿ ಉಂಟು.

ಹಾಗಂತ ಲೋಹ ಉಳಿಯುವುದೇ ಇಲ್ಲ ಅಂತಲ್ಲ. ಕದ್ರಿಯ ಲೋಕೇಶ್ವರ ಮೂರ್ತಿಯನ್ನು ನೋಡಿ. ಮೂರು ಮುಖ, ಆರು ಕೈಯ ಆ ಕಂಚಿನ ಮೂರ್ತಿಯ ಪೀಠದಲ್ಲಿ ಗ್ರಂಥ ಲಿಪಿಯ ಸಂಸ್ಕೃತ ಶಾಸನವಿದೆ. ಆಳುಪ ದೊರೆ ಕುಂದವರ್ಮ ಕದಿರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದ ಸಂಗತಿ ಅದರಲ್ಲಿದೆ. ಅಲ್ಲಿನ ಕಲಿವರ್ಷ 4068 ಎಂದರೆ ಕ್ರಿ.ಶ. 968. ಬೆನ್ ಯಿಜು ಇಲ್ಲಿಗೆ ಬರುವುದಕ್ಕೆ ನೂರರವತ್ತು ವರ್ಷ ಮೊದಲಿನ ಕಂಚು ಅದು. ಇಷ್ಟು ಕಾಲ ಉಳಿದದ್ದು ಅದು ದೇವರಾದ್ದರಿಂದ. ಪೂಜೆ ನಡೆಯುವ ಮೂರ್ತಿಯನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ. ಅದೇ ರೀತಿ ಬೆಳ್ಮಣ್ಣಿನ ಆಳುಪರ ತಾಮ್ರಶಾಸನ. ಎಂಟನೆಯ ಶತಮಾನದ್ದು, ಕನ್ನಡದ ತಾಮ್ರಶಾಸನಗಳಲ್ಲಿ ಅತಿ ಹಳೆಯದು ಎಂದು ಎಣಿಸಿದ್ದಾರೆ. ಅದರ ತಾಮ್ರಕ್ಕೂ ಬಚ್ಚಲಿನ ಹಂಡೆಯ ತಾಮ್ರಕ್ಕೂ ಜಾತಿಯಲ್ಲಿ ಭೇದವಿಲ್ಲ. ಆದರೆ ಅದರ ಮೇಲೆ ಹಕ್ಕು ಬರೆದಿದೆ. ಹಕ್ಕು ಇರುವ ತನಕ ಅದನ್ನು ಕರಗಿಸಿದವನು ತನ್ನ ಆಸ್ತಿಯನ್ನೇ ಕರಗಿಸಿದ ಹಾಗೆ.

ಬರೆದ ಕೈಯ ವಿಚಾರಕ್ಕೂ ಇಲ್ಲಿ ಒಂದು ಮಾತು. ತಾಮ್ರಪಟ ಕೊರೆದವರು ಹೆಚ್ಚಾಗಿ ಲೋಹದ ಕೆಲಸದವರೇ. ಹೆಸರಿನ ಕೊನೆಗೆ ಓಜ, ಆಚಾರಿ ಎಂದು ಬರುವ ಮನೆತನಗಳು. ವಿಜಯನಗರದ ಎಷ್ಟೋ ತಾಮ್ರಶಾಸನಗಳ ಕೊನೆಯಲ್ಲಿ ಮಲ್ಲಣನ ಮಗ ವೀರಣಾಚಾರ್ಯ ತನ್ನ ಹೆಸರು ಬಿಟ್ಟುಹೋಗಿದ್ದಾನೆ. ರಾಜನ ದಾನಪತ್ರ ಕೊರೆಯುವ ಉಳಿಗೂ ಬಟ್ಟಲಿನ ಅಂಚಿನಲ್ಲಿ ಹೆಸರು ಕೊರೆಯುವ ಉಳಿಗೂ ದೂರ ಬಹಳ ಇಲ್ಲ. ನಮ್ಮ ಶಾಸನ ಸಂಪುಟಗಳಲ್ಲಿ ಎರಡನೆಯದಕ್ಕೆ ಜಾಗ ಸಿಕ್ಕಿಲ್ಲ, ಅಷ್ಟೇ.

ಇಷ್ಟೆಲ್ಲ ಲೋಹದ ಕಸುಬಿದ್ದ ಕರಾವಳಿಯಲ್ಲಿ ಜನ ಲೋಹದಲ್ಲೇ ಅಡಿಗೆ ಮಾಡಿ, ಲೋಹದಲ್ಲೇ ಉಣ್ಣುತ್ತಿದ್ದರಾ? ಇಲ್ಲ. ಇದಕ್ಕೆ ಒಬ್ಬ ಒಳ್ಳೆಯ ಸಾಕ್ಷಿ ಇಬ್ನ್ ಬತೂತ. 1342ರಲ್ಲಿ ಈ ಕರಾವಳಿಯಲ್ಲಿ ದಕ್ಷಿಣಕ್ಕೆ ಇಳಿಯುತ್ತಾ ಹೊನ್ನಾವರ, ಬಾರಕೂರು, ಮಂಗಳೂರು ನೋಡಿದವನು. ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಅವನು ಬಾಯಲ್ಲಿ ನೀರು ಬರುವ ಹಾಗೆ ವರ್ಣಿಸಿದ್ದಾನೆ. ತಾಮ್ರದ ಮೇಜು, ಅದರ ಮೇಲೆ ಅವರು 'ತಾಲಂ' ಎನ್ನುವ ತಾಮ್ರದ ತಟ್ಟೆ. ದೊಡ್ಡ ತಾಮ್ರದ ಸೌಟಿನಲ್ಲಿ ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ. ಒಂದು ಪದಾರ್ಥ ಮುಗಿದ ಮೇಲೆ ಮತ್ತೆ ಅನ್ನ, ಇನ್ನೊಂದು ಪದಾರ್ಥ, ಕೊನೆಗೆ ಮೊಸರು. ಈಗಲೂ ನಮ್ಮ ಊಟದ ಕ್ರಮ ಹೀಗೇ ಅಲ್ವಾ? ತಾಲಂ ಎಂಬ ಪದ ಈಗಲೂ ಮಲಯಾಳದಲ್ಲಿ ಬದುಕಿದೆ. ನಮ್ಮ ಕಡೆಯ ಹಳೆಯ ಹೆಸರುಗಳು ತಳಿಗೆ ಮತ್ತು ಹರಿವಾಣ. ಹರಿವಾಣ ಹಳಗನ್ನಡದ 'ಪರಿಯಾಣ'ದ ಮೊಮ್ಮಗ.

ಅದೇ ಇಬ್ನ್ ಬತೂತ ಇನ್ನೂ ದಕ್ಷಿಣಕ್ಕೆ, ಮಲಬಾರಿನ ದಾರಿಯಲ್ಲಿ, ಬೇರೊಂದು ಸಂಗತಿ ಹೇಳುತ್ತಾನೆ. ಹಿಂದೂ ಮನೆಯವರು ಮುಸಲ್ಮಾನ ಪ್ರಯಾಣಿಕನಿಗೆ ಬಾಳೆಲೆಯಲ್ಲಿ ಊಟ ಬಡಿಸುತ್ತಾರೆ. ಅವನು ಅವರ ಪಾತ್ರೆಯಲ್ಲಿ ಉಂಡರೆ ಆ ಪಾತ್ರೆಯನ್ನು ಒಡೆಯುತ್ತಾರೆ, ಇಲ್ಲವೇ ಮುಸಲ್ಮಾನರಿಗೇ ಕೊಟ್ಟುಬಿಡುತ್ತಾರೆ. ಈ ಮಾತನ್ನು ಬದಿಗೆ ಸರಿಸಿ ಪಾತ್ರೆಯ ಚರಿತ್ರೆ ಬರೆಯಲಿಕ್ಕೆ ಆಗುವುದಿಲ್ಲ. ಬಾಳೆಲೆ ಪರಿಸರಕ್ಕೆ ಒಳ್ಳೆಯದು ಅಂತ ಈಗ ಹೇಳುತ್ತೇವೆ, ಸರಿ. ಆದರೆ ಉಂಡ ಮೇಲೆ ಉಳಿಯಬಾರದು ಎಂಬುದೇ ಆಗ ಅದರ ದೊಡ್ಡ ಗುಣವಾಗಿತ್ತು. ಮಣ್ಣಿನ ಪಾತ್ರೆ ಮೈಲಿಗೆಯಾದರೆ ಹೊರಗೆ ಬಿಸಾಡಬೇಕು, ಲೋಹದ್ದಾದರೆ ಹುಳಿ ಹಚ್ಚಿ ಬೂದಿಯಲ್ಲಿ ಬೆಳಗಿ ಒಳಗೆ ತರಬಹುದು. ಯಾವುದು ಬಾಳಬೇಕು, ಯಾವುದು ಒಡೆಯಬೇಕು ಎಂಬುದನ್ನು ವಸ್ತುವಿನ ಗಟ್ಟಿತನವೊಂದೇ ತೀರ್ಮಾನಿಸಲಿಲ್ಲ. ಯಾರು ಯಾವುದರಲ್ಲಿ ಉಣ್ಣಬಹುದು ಎಂಬ ಕಟ್ಟೂ ತೀರ್ಮಾನಿಸಿತು. ಗಿಂಡಿಯ ಮೂತಿಯನ್ನು ತುಟಿಗೆ ತಾಗಿಸದೆ ಮೇಲಿನಿಂದ ನೀರು ಸುರಿದುಕೊಳ್ಳುವ ಅಭ್ಯಾಸವೂ ಅದೇ ಕಟ್ಟಿನದ್ದು.

ಅಡಿಗೆಯ ಕಡೆಗೆ ಬಂದರೆ ಕಾರಣ ಇನ್ನೂ ಸರಳ. ಕರಾವಳಿಯ ಅಡಿಗೆ ಎಂದರೆ ಹುಳಿ. ಹುಣಸೆ, ಪುನರ್ಪುಳಿ, ಬಿಂಬುಳಿ, ಮಾವಿನಕಾಯಿ. ತಾಮ್ರ, ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು. ಕಲಾಯಿ ಹಾಕಿಸಿದರೆ ಕೆಲವು ತಿಂಗಳು ನಡೆಯುತ್ತದೆ, ಆಮೇಲೆ ಮತ್ತೆ ಹಾಕಿಸಬೇಕು. ಹಾಗಾಗಿ ಮೀನಿನ ಸಾರಿಗೆ ಮಣ್ಣಿನ ಬಿಸಲೆ, ಉಪ್ಪಿನಕಾಯಿಗೆ ಭರಣಿ, ಬಡಿಸಲಿಕ್ಕೆ ಗೆರಟೆಯ ಸೌಟು. ನೀರಿಗೆ ಮಾತ್ರ ತಾಮ್ರದ ಚೆಂಬು, ಹಂಡೆ. ದೊಡ್ಡ ಅಡಿಗೆಗೆ ಕಲಾಯಿ ಹಾಕಿದ ಹಿತ್ತಾಳೆ. ಉಣ್ಣುವ ಬಟ್ಟಲು ಕಂಚು, ಅದೂ ಇದ್ದವರ ಮನೆಯಲ್ಲಿ.

ಕಂಚಿನಲ್ಲೂ ಎರಡು ಬಗೆ ಉಂಟು. ಬರೀ ಎರಕ ಹೊಯ್ದದ್ದು ಒಂದು. ನೂರು ಪಾಲಿನಲ್ಲಿ ಸುಮಾರು 22 ಪಾಲು ತವರ ಬೆರೆಸಿ, ಕಾಯಿಸಿ ಬಡಿದು, ಕೆಂಪಗಿರುವಾಗಲೇ ನೀರಿಗೆ ಅದ್ದಿ ಮಾಡಿದ್ದು ಇನ್ನೊಂದು. ಎರಡನೆಯದರ ವಿದ್ಯೆ ಬಹಳ ಹಳೆಯದು. ಆದಿಚ್ಚನಲ್ಲೂರಿನ ಮತ್ತು ನೀಲಗಿರಿಯ ಪ್ರಾಚೀನ ಸಮಾಧಿಗಳ ಬಟ್ಟಲುಗಳು ಇದೇ ಬಗೆಯವು ಎಂದು ತೋರಿಸಿದವರು ಬೆಂಗಳೂರಿನ ಶಾರದಾ ಶ್ರೀನಿವಾಸನ್. ಕೇರಳದ ಪಯ್ಯಂಗಾಡಿಯಲ್ಲಿ ಅದೇ ರೀತಿ ಬಟ್ಟಲು ಮಾಡುವ ಕುಶಲಕರ್ಮಿಗಳನ್ನೂ ಅವರು ದಾಖಲಿಸಿದರು. ಮಂಗಳೂರಿನಿಂದ ರೈಲಿನಲ್ಲಿ ಹೋದರೆ ಕೆಲವು ಗಂಟೆಯ ದಾರಿ. ಈ ಬಗೆಯ ಕಂಚು ಹುಳಿಗೆ ಹೆಚ್ಚು ಹೆದರುವುದಿಲ್ಲ, ಬೆರಳಿನಲ್ಲಿ ತಟ್ಟಿದರೆ ಗಂಟೆಯ ಹಾಗೆ ಉದ್ದಕ್ಕೆ ನಾದ ಬರುತ್ತದೆ. ಆದರೆ ಕಲ್ಲಿನ ನೆಲಕ್ಕೆ ಬಿದ್ದರೆ ಸೀಳಬಹುದು. ಸ್ಟೀಲಿನ ಹಾಗೆ ಎಸೆದಾಡುವ ಮನೆಗೆ ಅದು ಹೇಳಿಸಿದ್ದಲ್ಲ. ಹೊಸದಾಗಿ ಕೊಳ್ಳುವವರು ಹೊಳಪು ನೋಡಿ ಮರುಳಾಗಬೇಡಿ. ಕೈಯಲ್ಲಿ ಹಿಡಿದು ಭಾರ ನೋಡಿ, ತಟ್ಟಿ ಕೇಳಿ, ತೂಕಕ್ಕೆ ಮರಳಿ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಕೇಳಿ. ಏಡನ್‌ನ ವರ್ತಕ ನೋಡಿದ್ದೂ ಇದನ್ನೇ.

ಈಗ ಅಕ್ಷರದ ವಿಷಯ. ಮನೆಯ ಪಾತ್ರೆಗೆ ಹೆಸರು ಹಾಕಿಸುವ ಪದ್ಧತಿ ಯಾಕೆ ಬಂತು? ಕಾರಣ ದೊಡ್ಡದಲ್ಲ. ಮದುವೆ, ಪೂಜೆ, ಭೂತದ ಕೋಲಕ್ಕೆ ಊರೆಲ್ಲರ ಪಾತ್ರೆ ಒಂದೇ ಕಡೆ ಸೇರುತ್ತದೆ. ಮರುದಿನ ತೊಳೆದು ಹಿಂದೆ ಕೊಡುವಾಗ ಯಾರದ್ದು ಯಾವುದು ಅಂತ ಗೊತ್ತಾಗಬೇಕು. ಹಾಗಾಗಿ ಅಂಚಿನಲ್ಲಿ ಅಥವಾ ಬುಡದಲ್ಲಿ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದು ಮನೆಯ ಹೆಸರು, ಯಜಮಾನರ ಹೆಸರಿನ ಮೊದಲ ಅಕ್ಷರ. ಮದುವೆಯ ಉಡುಗೊರೆಯಾದರೆ ಕೊಟ್ಟವರ ಹೆಸರು, ತಾರೀಕು. ದೇವಸ್ಥಾನಕ್ಕೆ ಕೊಟ್ಟ ಕೊಪ್ಪರಿಗೆಯಾದರೆ ಹರಕೆಯ ಮಾತು, ಸಂವತ್ಸರದ ಹೆಸರು, ಪಾತ್ರೆಯ ತೂಕ. ಯಾರು, ಯಾರಿಗೆ, ಏನು, ಯಾವಾಗ, ಎಷ್ಟು. ದಾನಶಾಸನದಲ್ಲಿ ನಾವು ಹುಡುಕುವುದು ಇದನ್ನೇ ಅಲ್ಲವೇ?

ಇದಕ್ಕಿಂತ ಮುಖ್ಯವಾದ ಒಂದು ಸಂಗತಿ ಉಂಟು. ಕಲ್ಲಿನ ಶಾಸನಗಳಲ್ಲಿ ಹೆಂಗಸರ ಹೆಸರು ಎಷ್ಟು ಸಲ ಬರುತ್ತದೆ? ರಾಣಿಯಾಗಿರಬೇಕು, ದಾನಿಯಾಗಿರಬೇಕು, ಇಲ್ಲವೇ ಮಹಾಸತಿಯಾಗಿರಬೇಕು. ಪಾತ್ರೆಯ ಮೇಲೆ ಹಾಗಲ್ಲ. ತವರಿನಿಂದ ಬಂದ ಹರಿವಾಣ, ಬಳುವಳಿಯ ಚೆಂಬು, ಬಾಣಂತನಕ್ಕೆ ಹೋದಾಗ ಕೊಟ್ಟ ಬಟ್ಟಲು. ಸಾಧಾರಣ ಮನೆಯ ಹೆಣ್ಣುಮಗಳ ಹೆಸರು ಕೊರೆದು ಉಳಿದ ಜಾಗ ಇದ್ದರೆ ಅದು ಇಲ್ಲಿ. ಅಳಿಯಸಂತಾನದ ಕುಟುಂಬಗಳಲ್ಲಿ ಪಾತ್ರೆ ಕುಟುಂಬದ ಸೊತ್ತು, ಕುಟುಂಬ ನಡೆಯುವುದು ಹೆಣ್ಣಿನ ಕವಲಿನಲ್ಲಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿಕೊಟ್ಟ ಮೇಲೆ ದೊಡ್ಡ ಮನೆಗಳ ಗದ್ದೆ, ತೋಟದ ಜೊತೆಗೆ ಕಂಚು ತಾಮ್ರವೂ ಕವಲುಗಳಿಗೆ ಹಂಚಿಹೋಯಿತು. ಇಂಥ ಪಾಲುಪಟ್ಟಿಯ ಹಳೆಯ ಪ್ರತಿ ನಿಮ್ಮಲ್ಲಿದ್ದರೆ ಪಾತ್ರೆಗಳ ಪುಟವನ್ನು ಹಾರಿಸಿ ಓದಬೇಡಿ. ಗದ್ದೆಯ ಗಡಿಗಿಂತ ಆ ಪುಟದಲ್ಲಿ ಮನೆಯ ಬದುಕು ಹೆಚ್ಚು ಕಾಣುತ್ತದೆ.

ಸ್ಟೀಲ್ ಬಂದ ಮೇಲೆ ಕಂಚಿಗೆ ಕೆಟ್ಟ ಕಾಲ ಬಂತು. ಸ್ಟೀಲಿಗೆ ಹುಳಿಯ ಭಯವಿಲ್ಲ, ಕಲಾಯಿ ಬೇಡ, ಬಿದ್ದರೆ ಒಡೆಯುವುದಿಲ್ಲ, ಬೆಳಗುವ ಕಷ್ಟವಿಲ್ಲ. ದಿನಾ ಪಾತ್ರೆ ತೊಳೆಯುವವರು ಅದನ್ನು ಆರಿಸಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಪರಂಪರೆ ಪರಂಪರೆ ಅಂತ ಬರೆಯುವ ನಾವು ಹುಣಸೆಹುಳಿ ಹಿಡಿದು ಹಂಡೆ ಬೆಳಗಿದವರಲ್ಲ. ಆದರೆ ಅಟ್ಟದ ಕಂಚು ಕೊಟ್ಟು ಸ್ಟೀಲಿನ ಡಬ್ಬಿ ತೆಗೆದುಕೊಂಡಾಗ ತಕ್ಕಡಿಗೆ ಹೋದದ್ದು ಲೋಹ ಮಾತ್ರ ಅಲ್ಲ. ಹಳೆ ಪಾತ್ರೆಯ ವ್ಯಾಪಾರಿಗೆ ಹೆಸರು ಬೇಡ, ಕಿಲೋ ಸಾಕು. ಬೆನ್ ಯಿಜುವಿನ ಕಮ್ಮಟದಲ್ಲೂ ಹೀಗೇ ಆಗಿರಬೇಕು. ಬಂದ ಒಡಕು ಪಾತ್ರೆಗಳ ಮೇಲೆ ಏನಾದರೂ ಕೊರೆದಿದ್ದರೆ ಅದು ಮೂಸೆಯಲ್ಲಿ ಹೋಯಿತು. ಆಗಿನ ನಷ್ಟಕ್ಕೆ ನಾವೇನೂ ಮಾಡಲಾರೆವು. ಈಗಿನದು ನಮ್ಮ ಕಣ್ಣ ಮುಂದೆಯೇ ನಡೆಯುತ್ತಿದೆ. ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ, ಬಂಟ್ವಾಳದ ಸಂಚಯಗಿರಿಯಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯ, ಇವು ಎಷ್ಟು ಪಾತ್ರೆ ಅಂತ ತುಂಬಿಸಿಕೊಳ್ಳಲಿಕ್ಕೆ ಸಾಧ್ಯ? ಪಾತ್ರೆ ಮಾರುವುದು ಬಿಡುವುದು ಮನೆಯವರ ಇಷ್ಟ. ಅಕ್ಷರವನ್ನು ಓದಿಟ್ಟು ಮಾರಿದರೆ ಆಯಿತು.

ಓದುವ ಕ್ರಮ ಕಷ್ಟದ್ದಲ್ಲ. ಮೊದಲು ಬೆಳಗಬೇಡಿ. ಹುಳಿ ಹಾಕಿ ತಿಕ್ಕಿದರೆ ಆಳವಿಲ್ಲದ ಚುಕ್ಕಿಗಳು ಇನ್ನಷ್ಟು ಸವೆಯುತ್ತವೆ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಬಹುತೇಕ ಮಲಗಿಸಿ ಹಿಡಿಯಿರಿ. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣದ ಅಕ್ಷರ ನೆರಳಿನಿಂದ ಎದ್ದು ಬರುತ್ತದೆ. ಅಂಚು, ಬುಡ, ಹಿಡಿಕೆಯ ಕೆಳಗೆ, ಮುಚ್ಚಳದ ಒಳಗೆ ನೋಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಪಾತ್ರೆಯ ಪೂರ್ತಿ ಫೋಟೋ ಒಂದು ಬೇರೆ. ಈಗಿನ ತೂಕವನ್ನು ಗ್ರಾಮಿನಲ್ಲಿ ಬರೆದಿಡಿ, ಮನೆಯಲ್ಲಿ ಆ ಪಾತ್ರೆಯನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ. ಅಜ್ಜಿ ಇದ್ದರೆ ಅವರನ್ನೇ ಕೇಳಿ, ಹೆಸರು ಅವರಲ್ಲಿ ಉಂಟು.

ಕಾಲ ಹೇಳಲಿಕ್ಕೂ ಕೆಲವು ಗುರುತು ಸಿಗುತ್ತವೆ. ಬಿಡಿ ಚುಕ್ಕಿಗಳಾದರೆ ಕೈಯುಳಿ. ನಡುಗುವ ಗೆರೆಯ ಹಾಗೆ ಒಂದೇ ಸಮನೆ ಓಡಿದರೆ ಅಂಗಡಿಯ ಕರೆಂಟಿನ ಯಂತ್ರ, ಅದು ಈಚಿನದು. ಸಂವತ್ಸರದ ಹೆಸರೊಂದೇ ಇದ್ದರೆ ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ, ಮನೆಯ ತಲೆಮಾರು ಲೆಕ್ಕ ಹಾಕಿ ಯಾವ ಸುತ್ತು ಎಂದು ನಿಶ್ಚಯಿಸಬೇಕು. ಇವೆಲ್ಲಕ್ಕಿಂತ ನಂಬಬಹುದಾದ್ದು ತೂಕದ ಭಾಷೆ. 1956ರ ತೂಕ ಅಳತೆ ಕಾಯ್ದೆಯ ನಂತರ, 1960ರ ದಶಕದ ಆರಂಭದ ಹೊತ್ತಿಗೆ, ಪೇಟೆಯಲ್ಲಿ ಕಿಲೋಗ್ರಾಂ ನೆಲೆಯಾಯಿತು. ಬುಡದಲ್ಲಿ ಸೇರು, ತೊಲ, ರಾತಲು ಎಂದು ಕೊರೆದಿದ್ದರೆ ಆ ಪಾತ್ರೆ ಹೆಚ್ಚಾಗಿ ಅದಕ್ಕೂ ಹಿಂದಿನದು. ಕೊರೆದ ತೂಕಕ್ಕೂ ಈಗಿನ ತೂಕಕ್ಕೂ ಇರುವ ವ್ಯತ್ಯಾಸವನ್ನೂ ಲೆಕ್ಕ ಹಾಕಿ ಬರೆದಿಡಿ. ಬೂದಿ, ಹುಳಿ, ತೆಂಗಿನ ನಾರು ಹಿಡಿದ ಕೈಗಳು ಇಷ್ಟು ವರ್ಷದಲ್ಲಿ ಎಷ್ಟು ಲೋಹ ತಿಕ್ಕಿ ತೆಗೆದಿವೆ ಎಂಬುದು ಅದರಲ್ಲಿ ಸಿಗುತ್ತದೆ.